ಸತ್ತಳು ಅಲ್ಲ, ಸೋತಳು

ನಮ್ಮ ದೊಡ್ಡಪ್ಪನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಯಾವ ಬಟ್ಟೆಯೂ ಇವತ್ತಿನವರೆಗೆ ತಡವಾಗಿಲ್ಲ. ಕಾಫಿ ಚೆಲ್ಲಿದ ಕೋಟು ಕೊಡಿ, ಶಾಯಿ ಬಿದ್ದ ಬಿಳಿ ಅಂಗಿ ಕೊಡಿ, ಹೇಳಿದ ಹೊತ್ತಿಗೆ ಅದು ಪ್ಲಾಸ್ಟಿಕ್ ಕವರಿನೊಳಗೆ ಮದುಮಗನ ಹಾಗೆ ಮಿಂಚುತ್ತಾ ನೇತಾಡುತ್ತಿರುತ್ತದೆ. ತಡವಾಗಿರುವುದು ಒಂದೇ ಒಂದು, ಅವರ ಕಾದಂಬರಿಯ ಮೂರನೇ ಭಾಗ. ಅದೆಷ್ಟು ತಡ ಅಂದರೆ, ಎರಡನೇ ಭಾಗ ಬಂದಾಗ ನಾನು ಹಲ್ಲು ಬಿದ್ದ ಹುಡುಗಿ, ಈಗ ಕಾಲೇಜಿಗೆ ಹೋಗುತ್ತಿದ್ದೇನೆ, ಅದೂ ಅವರ ಮನೆಯ ಮಹಡಿಯ ಕೋಣೆಯಲ್ಲೇ ಇದ್ದುಕೊಂಡು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಾನು ಆ ಎರಡು ದಪ್ಪ ಪುಸ್ತಕಗಳನ್ನು ಬೆರಳಿಟ್ಟು ಬೆರಳಿಟ್ಟು ಓದಿ ಮುಗಿಸಿದಾಗ ಇಡೀ ಬೀದಿಗೆ ಕೇಳುವ ಹಾಗೆ ಕಿರುಚಬೇಕು ಅನ್ನಿಸಿತ್ತು. ಇಂಥದ್ದನ್ನು ಬರೆದ ಮನುಷ್ಯ ಕೆಳಗೆ ನಿಂತು ಪ್ಯಾಂಟಿಗೆ ಗೆರೆ ಕೂರಿಸುತ್ತಿದ್ದಾರಲ್ಲ!

ಅಂಗಡಿಗೆ ಬರುವವರಲ್ಲಿ ಅರ್ಧ ಜನ ಗಿರಾಕಿಗಳು, ಅರ್ಧ ಜನ ಓದುಗರು. ಓದುಗರು ಸುಮ್ಮನೆ ಬರಲು ನಾಚಿಕೆಪಟ್ಟು ಕೊಳೆಯೇ ಆಗದ ಬಟ್ಟೆ ಹಿಡಿದುಕೊಂಡು ಬರುತ್ತಾರೆ. ಅವರಲ್ಲಿ ಡ್ರೈವಿಂಗ್ ಕಲಿಸುವ ಮೇಷ್ಟ್ರು ಒಬ್ಬರು ಬಾಗಿಲಿಂದಲೇ ಶುರು ಮಾಡುತ್ತಾರೆ.

"ಸ್ವಾಮಿ, ಕಾದಂಬರಿ ಅಂದ್ರೆ ಏನು ಗೊತ್ತಾ? ನಾವು ಕಾದ್ವಿ, ನೀವು ಬರೀರಿ! ನಮ್ಮ ಕೆಲ್ಸ ನಾವು ಮುಗಿಸಿದೀವಿ."

"ಇಸ್ತ್ರಿನೂ ಕಾದಿದೆ ಮೇಷ್ಟ್ರೇ, ಮೊದ್ಲು ಅದರ ಕೆಲ್ಸ ಮುಗಿಸ್ತೀನಿ" ಅನ್ನುತ್ತಾರೆ ದೊಡ್ಡಪ್ಪ. ಎಲ್ಲರೂ ನಗುತ್ತಾರೆ. ಮೇಷ್ಟ್ರು ಹೋದ ಮೇಲೆ ದೊಡ್ಡಪ್ಪನ ಮುಖ ನೋಡಬೇಕು, ಹಿಂಡಿ ಹಾಕಿದ ಬಟ್ಟೆ.

ಯಾಕೆ ಅಂತ ಹೇಳುವ ಮೊದಲು ಅವರು ಬರೆಯುವ ರೀತಿ ಹೇಳಬೇಕು, ಎಲ್ಲ ಅನಾಹುತವೂ ಅಲ್ಲೇ ಇರುವುದು. ಸ್ಟೀಮ್ ಪ್ರೆಸ್ಸಿನ ಮುಚ್ಚಳ ಒಮ್ಮೆ ಒತ್ತಿದರೆ ಮತ್ತೆ ಎತ್ತುವ ತನಕ ಎಡಗೈಯನ್ನು ಹಿಡಿಕೆಯಿಂದ ತೆಗೆಯುವ ಹಾಗಿಲ್ಲ. ಆ ಗ್ಯಾಪಿನಲ್ಲಿ ದೊಡ್ಡಪ್ಪ ಬಲಗೈಯಲ್ಲಿ ಬರೆಯುತ್ತಾರೆ, ಶರ್ಟು ಮಡಚುವಾಗ ಒಳಗಿಡುವ ರಟ್ಟಿನ ಮೇಲೆ. ಒಂದು ಸಲ ಒಂದು ಅಧ್ಯಾಯ ಯಾರದೋ ಶರ್ಟಿನೊಳಗೆ ಸೇರಿ ಅವರ ಮನೆಗೇ ಹೋಗಿತ್ತಂತೆ. ಹೊತ್ತಿಲ್ಲ ಅಂತ ಅವರು ಬರೀ ಬೋಳು ಅಕ್ಷರ ಗೀಚುತ್ತಾರೆ. ಕೊಂಬಿಲ್ಲ, ದೀರ್ಘವಿಲ್ಲ, ಒತ್ತಿಲ್ಲ, ಗುಡಿಸು ಇಲ್ಲ. 'ಕಡ' ಅಂತ ಇದ್ದರೆ ಅದು ಕಾಡೂ ಆಗಬಹುದು, ಕೊಡೆಯೂ ಆಗಬಹುದು, ಕೇಡೂ ಆಗಬಹುದು. ರಟ್ಟುಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ದೊಡ್ಡಮ್ಮ. "ನಿಮ್ಮ ಅಕ್ಷರಕ್ಕೆ ಬಟ್ಟೆ ತೊಡಿಸಿ ತೊಡಿಸಿ ನನ್ನ ಬೆನ್ನು ಬಗ್ಗೋಯ್ತು ರೀ. ಊರವರ ಬಟ್ಟೆಗೆ ಗೆರೆ ಕೂರಿಸ್ತೀರಿ, ನಿಮ್ಮ ಮಕ್ಕಳನ್ನ ಬೆತ್ತಲೆ ಕಳಿಸ್ತೀರಿ" ಅನ್ನುತ್ತಿದ್ದರಂತೆ. ಮೊದಲ ಭಾಗದಲ್ಲಿ ನಾಯಕಿಯ ತಮ್ಮ ಕತ್ತಿ ಹಿಡಿದು ಬರುವ ದೊಡ್ಡ ಸೀನಿದೆ. ಅಲ್ಲಿ ಅವನು ಕತ್ತೆ ಹಿಡಿದು ಬರುವುದು ಸ್ವಲ್ಪದರಲ್ಲಿ ತಪ್ಪಿತಂತೆ, ದೊಡ್ಡಮ್ಮನಿಗೆ ಕೊನೇ ಗಳಿಗೆಯಲ್ಲಿ ಅನುಮಾನ ಬಂದು.

ಎರಡನೇ ಭಾಗದ ಕೊನೆಯಲ್ಲಿ ಅನುಮಾನ ಬರಲಿಲ್ಲ.

ಆ ಕಾದಂಬರಿಯ ನಾಯಕಿಗೆ ಹೆಸರಿಲ್ಲ, ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಾರೆ. ಅಪ್ಪ ಕಟ್ಟಿದ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸಿ, ತಮ್ಮನನ್ನು ಓದಿಸಿ, ಆಮೇಲೆ ಅದೇ ತಮ್ಮ ಗಿರಣಿ ತನ್ನದು ಅಂತ ಕೋರ್ಟಿಗೆ ಹೋದಾಗ ಎದುರು ನಿಲ್ಲುವವಳು. ತೀರ್ಪಿನ ದಿನ. ಜಡ್ಜು ಓದುತ್ತಾರೆ. ಕೊನೆಯ ವಾಕ್ಯ ರಟ್ಟಿನ ಮೇಲೆ ಇದ್ದದ್ದು 'ಅಕ ಸತಳ' ಅಂತ. ದೊಡ್ಡಪ್ಪನ ಮನಸ್ಸಿನಲ್ಲಿದ್ದದ್ದು 'ಅಕ್ಕ ಸೋತಳು.' ಪುಸ್ತಕದಲ್ಲಿ ಬಂದದ್ದು 'ಅಕ್ಕ ಸತ್ತಳು.'

ಪ್ರೂಫ್ ಬಂದಾಗ ಚಳಿಗಾಲ, ಕೋಟುಗಳು ಗುಡ್ಡದ ಹಾಗೆ ಬಿದ್ದಿದ್ದವು, ದೊಡ್ಡಪ್ಪ ನೋಡಲಿಲ್ಲ. ಪುಸ್ತಕ ಬಂದ ವಾರವೇ ಹಲ್ಲಿನ ಡಾಕ್ಟರಮ್ಮ ಅಂಗಡಿಗೆ ಬಂದರು. ಕಣ್ಣು ಕೆಂಪಗೆ. "ಒಂದೇ ಪದದಲ್ಲಿ ಕೊಂದ್ಬಿಟ್ರಲ್ಲ ಸಾರ್. ನಾನು ಪುಸ್ತಕ ಮುಚ್ಚಿ ಗೋಡೆ ನೋಡ್ತಾ ಕೂತಿದ್ದೆ. ಹಾಗೆ ಬರೆಯೋಕೆ ಎಂಥ ಎದೆ ಬೇಕು!" ಏನು ಹೇಳುತ್ತಿದ್ದಾರೆ ಅಂತಲೇ ದೊಡ್ಡಪ್ಪನಿಗೆ ಗೊತ್ತಾಗಲಿಲ್ಲ. ಆದರೆ ಹೊಗಳಿಕೆ ಬಿಸಿಬಿಸಿಯಾಗಿತ್ತು, ತಲೆ ಆಡಿಸಿಬಿಟ್ಟರು. ಅವರು ಹೋದ ಮೇಲೆ ಪುಸ್ತಕ ತೆಗೆದು ನೋಡಿದರು. ಅಷ್ಟರಲ್ಲಿ ಊರೆಲ್ಲ ಅತ್ತಾಗಿತ್ತು. ಪೇಪರಿನವರು ಆ ಕೊನೆಯ ಸಾಲನ್ನೇ ತಲೆಬರಹ ಮಾಡಿದ್ದರು.

ಅವತ್ತು ಗಂಟಲಲ್ಲಿ ಬಿದ್ದ ಬಿಸಿ ತುಪ್ಪ, ಈಗಲೂ ಅಲ್ಲೇ ಇದೆ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಯಾಕೆಂದರೆ ಮೂರನೇ ಭಾಗ ಪೂರ್ತಿ ಅಕ್ಕನದೇ. ಸೋತ ಮೇಲೆ ಒಬ್ಬ ಹೆಂಗಸು ಏನು ಮಾಡುತ್ತಾಳೆ ಅನ್ನುವುದಕ್ಕೇ ದೊಡ್ಡಪ್ಪ ಮೊದಲ ಎರಡು ಭಾಗ ಬರೆದದ್ದು! ಸತ್ತವಳನ್ನು ಇಟ್ಟುಕೊಂಡು ಬರೆಯಲು ಅವರು ಏನೆಲ್ಲ ಮಾಡಿದರು. ತಮ್ಮನ ಪಶ್ಚಾತ್ತಾಪ ಅಂತ ಬರೆದರು, ಹರಿದರು. ಅಕ್ಕನ ಬಾಲ್ಯ ಅಂತ ಹಿಂದಕ್ಕೆ ಹೋದರು, ಅದನ್ನೂ ಹರಿದರು. ಅಕ್ಕನ ಹಾಗೇ ಇರುವ ಚಿಕ್ಕಮ್ಮನ ಮಗಳೊಬ್ಬಳನ್ನು ತಂದರು. "ಈಕೆ ಯಾರ್ರೀ, ಬಾಡಿಗೆ ಅಕ್ಕ?" ಅಂದರು ದೊಡ್ಡಮ್ಮ. ಅದೂ ಹೋಯಿತು.

ಹೀಗಿರುವಾಗ ಕಳೆದ ತಿಂಗಳು ಪ್ರಕಾಶಕರು ಬಂದರು. ದಪ್ಪನೆಯ ಮನುಷ್ಯ, ಕೆಟ್ಟವರೇನಲ್ಲ. ಸ್ಟೂಲಿನ ಮೇಲೆ ಕೂತು, ತೂಗುಹಾಕಿದ್ದ ಯಾರದೋ ರೇಷ್ಮೆ ಅಂಗಿಯನ್ನು ಮುಖದಿಂದ ಆಚೆ ಸರಿಸಿ ಮಾತಾಡಿದರು.

"ನೋಡಿ, ಎರಡೂ ಭಾಗ ಸೇರಿಸಿ ಒಂದೇ ಪುಸ್ತಕ ಮಾಡ್ತಿದೀನಿ. ಕೊನೇಲಿ 'ಮುಗಿಯಿತು' ಅಂತ ಹಾಕ್ತೀನಿ."

"ಮುಗ್ದಿಲ್ವಲ್ಲ!"

"ನಿಮಗೆ ಮುಗ್ದಿಲ್ಲ. ಓದೋರಿಗೆ ಅಕ್ಕ ಸತ್ತಲ್ಲೇ ಮುಗೀತು. ಅದಕ್ಕಿಂತ ಒಳ್ಳೆ ಎಂಡಿಂಗ್ ಸಿಗುತ್ತಾ? ನನ್ನ ಹತ್ರ ಎಷ್ಟು ಜನ ಕೇಳ್ತಾರೆ ಗೊತ್ತಾ, ಮೂರನೇದು ಎಲ್ಲಿ, ಮೂರನೇದು ಎಲ್ಲಿ ಅಂತ. ಇಲ್ಲ ಅಂತಾದ್ರೂ ಹೇಳೋಣ. ಪಾಪ, ಕಾಯೋರಿಗೆ ಬಿಡುಗಡೆ ಬೇಡ್ವಾ?" ಆಮೇಲೆ ಮೆತ್ತಗೆ ಅಂದರು, "ತಿಂಗಳ ಕೊನೆಗೆ ಅಚ್ಚಿಗೆ ಕೊಡ್ತೀನಿ. ಅಷ್ಟರಲ್ಲಿ ಒಂದು ಅಧ್ಯಾಯ ತನ್ನಿ, ನಿಲ್ಲಿಸ್ತೀನಿ."

ಅವತ್ತಿನಿಂದ ದೊಡ್ಡಪ್ಪ ದೊಡ್ಡಪ್ಪನಾಗಿ ಉಳಿಯಲಿಲ್ಲ. ಊಟದ ತಟ್ಟೆ ಮುಂದೆ ಕೈ ಒಣಗುವ ತನಕ ಕೂತಿರುತ್ತಿದ್ದರು. ವಕೀಲರ ಕರಿ ಕೋಟನ್ನು ಬ್ಯಾಂಡಿನವನಿಗೆ ಕೊಟ್ಟು, ಬ್ಯಾಂಡಿನವನ ಕೆಂಪು ಕೋಟನ್ನು ವಕೀಲರಿಗೆ ಕಳಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ, ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತು, "ಮುಗಿಯಿತು ಅಂತ ಅಚ್ಚಾದ್ರೆ ಅವಳು ನಿಜವಾಗ್ಲೂ ಸತ್ತ ಹಾಗೆ. ಇಷ್ಟು ದಿನ ತಪ್ಪು ಅಚ್ಚಲ್ಲಿ ಸತ್ತಿದ್ಲು, ಅಷ್ಟೇ" ಅಂದರು.

ಮನೆಯಲ್ಲಿ ಒಂದು ದಿನ ಕಟ್ಟೆ ಒಡೆಯಿತು.

"ನೀನೇ ಕಣೇ ಕೊಂದಿದ್ದು!" ಅಂದರು ದೊಡ್ಡಪ್ಪ.

"ಹೌದು, ನಾನೇ! ಒಂದು ಓ ಕಾರ ಹಾಕೋಕೆ ನಿಮ್ಮ ಕೈಗೆ ಏನಾಗಿತ್ತು?" ದೊಡ್ಡಮ್ಮ ಕೈಯಲ್ಲಿದ್ದ ಸೌಟನ್ನೇ ಅವರತ್ತ ತೋರಿಸಿದರು. "ಆರ್ನೂರು ಪುಟ ಟೈಪ್ ಮಾಡಿದೀನಿ ರೀ. ಪುಟಪುಟಕ್ಕೂ ಅವಳಿಗೆ ಕಷ್ಟ, ಅವಮಾನ, ಜ್ವರ. ಕೊನೆಗೆ ಆ ದರಿದ್ರ ಕೋರ್ಟು. ಅಷ್ಟೆಲ್ಲ ಆದ್ಮೇಲೆ ಸತಳ ಅಂತ ನೋಡಿದ್ರೆ ಯಾರಿಗಾದ್ರೂ ಸತ್ತಳು ಅಂತ್ಲೇ ಕಾಣೋದು. ಪಾಪ, ಹೋದ್ಲಲ್ಲ, ಇನ್ನಾದ್ರೂ ಸುಖವಾಗಿರ್ಲಿ ಅಂತ ಅಳ್ತಾ ಅಳ್ತಾ ಟೈಪ್ ಮಾಡ್ದೆ."

ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂತರು. ದೊಡ್ಡಮ್ಮ ಬಿಡಲಿಲ್ಲ.

"ಹೋಗಿ ಹೇಳ್ರಿ ಜನಕ್ಕೆ, ತಪ್ಪಾಗಿದೆ ಅಂತ. ನನ್ನ ಹೆಸರೇ ಹೇಳಿ. ನನಗೇನು ಕೊಂಬು ಉದುರುತ್ತಾ?"

ಹಾಗಾಗಿ ರಜಾದ ದಿನ, ಬೆಳಿಗ್ಗೆ, ಅಂಗಡಿಯಲ್ಲೇ ಓದುಗರನ್ನು ಕರೆದದ್ದು. ನಾನಂತೂ ಆಕಾಶದಲ್ಲಿದ್ದೆ! ದೊಡ್ಡಪ್ಪ ವಾರವಿಡೀ ಪ್ರೆಸ್ಸು ಬಿಟ್ಟು, ಮೇಜಿನ ಮುಂದೆ ಕೂತು, ಎರಡೂ ಕೈ ಬಿಡುವಾಗಿದ್ದರೂ ಒದ್ದಾಡಿ, ಒಂದು ಪುಟ ಬರೆದಿದ್ದರು. ಒಂದೇ ಪುಟ. ಮೂರನೇ ಭಾಗದ ಮೊದಲ ಪುಟ. ನೇತಾಡುವ ಬಟ್ಟೆಗಳ ಸಾಲಿನ ಮಧ್ಯೆ ಜನ ಜಾಗ ಮಾಡಿಕೊಂಡು ನಿಂತರು. ಮೇಷ್ಟ್ರು ಮುಂದೆಯೇ, ಡಾಕ್ಟರಮ್ಮ ಸ್ಟೂಲಿನ ಮೇಲೆ.

ದೊಡ್ಡಪ್ಪ ಪೀಠಿಕೆ ಹಾಕಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಬೋಳು ಅಕ್ಷರ, ಸತಳ, ಚಳಿಗಾಲದ ಕೋಟು, ಎಲ್ಲ. ದೊಡ್ಡಮ್ಮನ ಹೆಸರು ಹೇಳಲಿಲ್ಲ. "ಅಕ್ಕ ಸತ್ತಿಲ್ಲ. ಸೋತಿದ್ಲು ಅಷ್ಟೇ" ಅಂದು ಪುಟ ಓದಿದರು. ಅಕ್ಕ ಕೋರ್ಟಿನ ಬಾಗಿಲಿಂದ ಹೊರಗೆ ಬರುತ್ತಾಳೆ. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಾಳೆ. ಚಪ್ಪಲಿಯ ಬಾರು ಕಿತ್ತಿದೆ. ಅಷ್ಟೇ, ಪುಟ ಮುಗಿಯಿತು. ನಾನು ಚಪ್ಪಾಳೆಗೆ ಕೈ ಎತ್ತಿದ್ದೆ.

ಯಾರೂ ತಟ್ಟಲಿಲ್ಲ.

ಮೇಷ್ಟ್ರೇ ಮೊದಲು ಬಾಯಿ ಬಿಟ್ಟರು. "ಸ್ವಾಮಿ, ಸತ್ತೋರಿಗೆ ರಿವರ್ಸ್ ಗೇರ್ ಇಲ್ಲ. ಇಷ್ಟು ವರ್ಷ ಕಾಯ್ಸಿ ಅಕ್ಷರ ತಪ್ಪಿತ್ತು ಅಂತೀರಲ್ಲ, ನಾವೇನು ಒಂದನೇ ಕ್ಲಾಸ್ ಮಕ್ಕಳಾ?"

"ಬರೆಯೋಕೆ ಬರ್ತಿಲ್ಲ, ಅದಕ್ಕೆ ಈ ಕತೆ ಕಟ್ಟಿದಾರೆ" ಅಂತ ಹಿಂದಿನಿಂದ ಯಾರೋ ಅಂದರು.

"ಕಟ್ಟಿದ್ರೆ ಬರೆದ ಹಾಗೇ ಆಯ್ತಲ್ಲಪ್ಪ" ಅಂತ ಇನ್ನೊಬ್ಬರು. ಒಂದಿಬ್ಬರು ನಕ್ಕರು. ದೊಡ್ಡಪ್ಪ ಅದನ್ನೆಲ್ಲ ತಡೆದುಕೊಂಡರು. ಬೈಗುಳಕ್ಕೆ ಅವರು ಸಿದ್ಧವಾಗಿಯೇ ಇದ್ದರು ಅನ್ನಿಸುತ್ತದೆ.

ಡಾಕ್ಟರಮ್ಮ ಬೈಯಲಿಲ್ಲ. "ಸಾರ್, ನಮ್ಮಮ್ಮ ಹೋದಾಗ ನನಗೆ ಅಳುನೇ ಬರ್ಲಿಲ್ಲ" ಅಂದರು. "ಮನೆಯೋರೆಲ್ಲ ಇವಳೇನು ಕಲ್ಲಾ ಅಂದ್ರು. ಆಮೇಲೆ ಎಷ್ಟೋ ದಿನ ಬಿಟ್ಟು ಆ ಪುಟ ಓದ್ದೆ. ಅಕ್ಕ ಸತ್ತಳು. ಅವತ್ತು ಅತ್ತೆ, ಅಮ್ಮನ್ನೂ ಸೇರಿಸಿ ಅತ್ತೆ. ಅದು ಒತ್ತು ಹಾಕೋದ್ರಲ್ಲಿ ಆದ ತಪ್ಪು ಅಂತ ಈಗ ನಾನು ಹೇಗೆ ಅಂದ್ಕೊಳ್ಳಲಿ? ನಾನು ಅತ್ತಿದ್ದನ್ನ ಏನು ಮಾಡ್ಲಿ?"

ದೊಡ್ಡಪ್ಪನ ಕೈಯಲ್ಲಿದ್ದ ಹಾಳೆ ಬಾಗಿತು. ಡಾಕ್ಟರಮ್ಮ ಎದ್ದು, ನೇತಾಡುತ್ತಿದ್ದ ತಮ್ಮ ಬಿಳಿ ಕೋಟನ್ನು ತಾವೇ ಇಳಿಸಿಕೊಂಡು, ಬರ್ತೀನಿ ಅನ್ನದೆ ಹೋದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಮೇಷ್ಟ್ರು ಬಾಗಿಲಲ್ಲಿ ತಿರುಗಿ ನೋಡಿದರು, ಜೋಕು ಸಿಗಲಿಲ್ಲವೋ ಏನೋ, ಅವರೂ ಹೋದರು.

ಅಂಗಡಿಯಲ್ಲಿ ನಾವು ಮೂವರು. ದೊಡ್ಡಪ್ಪ ನೇರವಾಗಿ ಫೋನಿನ ಹತ್ತಿರ ಹೋಗಿ ಪ್ರಕಾಶಕರ ನಂಬರು ಒತ್ತಿದರು.

"ಮುಗಿಯಿತು ಅಂತ ಹಾಕಿ."

ಆ ಕಡೆ ಏನಂದರೋ ಕೇಳಿಸಲಿಲ್ಲ.

"ಇಲ್ಲ, ಕೋಪ ಇಲ್ಲ. ಸತ್ತಳು ಅಂತ್ಲೇ ಇರ್ಲಿ. ಅವ್ರಿಗೆ ಅವಳು ಸತ್ತಿರ್ಲಿ." ಫೋನಿಟ್ಟು ಅವರು ಬಟ್ಟೆ ಮಡಚುವ ಮೇಜಿನ ಮೇಲೆ ತಲೆಯಿಟ್ಟರು. ಭುಜ ಅಲ್ಲಾಡುತ್ತಿತ್ತು. ನಾನು ಅವರನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಎಲ್ಲಿ ನಿಲ್ಲಬೇಕು ಅಂತಲೇ ತಿಳಿಯದೆ ಬಟ್ಟೆಗಳ ಮಧ್ಯೆ ನಿಂತಿದ್ದೆ.

"ಅವ್ರಿಗೆ ಸತ್ತಿರ್ಲಿ ಸರಿ. ನಂಗೆ?" ಅಂದರು ದೊಡ್ಡಮ್ಮ.

ದೊಡ್ಡಪ್ಪ ತಲೆ ಎತ್ತಲಿಲ್ಲ. "ನಿಂಗೇನು?"

"ಚಪ್ಪಲಿ ಬಾರು ಕಿತ್ತೋಯ್ತು ಅಂತ ಓದಿ ನಿಲ್ಲಿಸಿಬಿಟ್ರಲ್ಲ. ಆಮೇಲೆ ಅವಳು ಬರಿಗಾಲಲ್ಲಿ ಹೋದ್ಲಾ, ಹೊಲಿಸ್ಕೊಂಡ್ಲಾ? ಆ ತಮ್ಮ ಎದುರಿಗೆ ಸಿಕ್ಕಿದ್ನಾ? ನಾನು ಕೊಂದ ಪಾಪಕ್ಕೆ ನಂಗಾದ್ರೂ ಹೇಳ್ರಿ."

"ಗೊತ್ತಿಲ್ಲ ಕಣೇ. ಆ ಪುಟದಿಂದಾಚೆ ನಂಗೂ ಗೊತ್ತಿಲ್ಲ."

"ಗೊತ್ತು ಮಾಡ್ಕೊಳ್ಳಿ." ದೊಡ್ಡಮ್ಮ ರಟ್ಟಿನ ಕಟ್ಟಿನಿಂದ ಒಂದನ್ನು ಎಳೆದು ಅವರ ಮೊಣಕೈ ಹತ್ತಿರ ಇಟ್ಟರು. "ಅಚ್ಚಾಗಲ್ಲ, ಯಾರೂ ಓದಲ್ಲ, ಪೇಪರಿನವರು ಬರಲ್ಲ. ನಾನೊಬ್ಳೇ. ಬರೀರಿ."

ಬೀದಿಯಲ್ಲಿ ಬಸ್ಸೊಂದು ಬಂದು ನಿಂತು ಹೋಯಿತು. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತರು, ನಾನು ನೆಲದ ಮೇಲೆ. ಕೊನೆಗೆ ದೊಡ್ಡಪ್ಪ ಮುಖ ಒರೆಸಿಕೊಂಡು ಪೆನ್ನು ತೆಗೆದರು. ಒಂದು ಸಾಲು ಬರೆದರು, ಹೊಡೆದುಹಾಕಿದರು. ಇನ್ನೊಂದು ಬರೆದರು.

ದೊಡ್ಡಮ್ಮ ಕುತ್ತಿಗೆ ಚಾಚಿ ಓದಿದರು. "ಅಕ್ಕ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯತೊಡಗಿದಳು. ಹೂಂ. ಆಮೇಲೆ?"

"ತಡಿಯೇ" ಅಂದರು ದೊಡ್ಡಪ್ಪ, "ಇಳಿಯೋಕಾದ್ರೂ ಬಿಡು."