ಬಿಸಿಲಿಗೆ ಕೂಗಿದ ಕಾರು

ನನ್ನ ಸೊಸೆಗೆ ಬೀದಿಯವರು ಇಟ್ಟ ಹೆಸರು ವೈರಮ್ಮ. ಕಾರುಗಳ ವೈರಿಂಗ್ ರಿಪೇರಿ ಅವಳ ಕಸುಬು, ಮನೆ ಪಕ್ಕದ ಶೆಡ್ಡೇ ಅವಳ ಅಂಗಡಿ. ಅವಳಪ್ಪನದು ಬ್ಯಾಟರಿ ಅಂಗಡಿಯಾಗಿತ್ತು, ಹಲ್ಲು ಬರೋ ಮೊದಲೇ ವೈರ್ ಕಚ್ಚಿ ಬೆಳೆದವಳು ಅಂತ ನಾನು ರೇಗಿಸುತ್ತಿರುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕಪ್ಪು ಹಿಡಿದ ಉಗುರು ನೋಡಿ ಮೂಗು ಮುರಿದವಳೂ ನಾನೇ. ಈಗ ಯಾರಾದರೂ "ಹೆಂಗಸಿಗೆ ಯಾಕಮ್ಮ ಈ ಕೆಲಸ" ಅಂದರೆ ಅವರ ಗ್ರಹಚಾರ ಬಿಡಿಸಿಬಿಡುತ್ತೇನೆ. ಜನರ ಜೊತೆ ಮಾತು ಕಮ್ಮಿ ಅವಳದು, ಕಾರಿನ ಜೊತೆ ಮಾತ್ರ ಹಟಮಾರಿ ಮಗುವನ್ನು ಕೇಳೋ ಹಾಗೆ ಕೇಳುತ್ತಾಳೆ. "ಎಲ್ಲಿ ನೋಯ್ತಿದೆ ಹೇಳು. ಇಲ್ಲೀನಾ? ಮತ್ತೆ ಇಲ್ಲೀನಾ?"

ನಮ್ಮ ಯಜಮಾನರು ಆಯುಷ್ಯವೆಲ್ಲ ಬಸ್ ಓಡಿಸಿದವರು. ರಿಟೈರ್ ಆದಮೇಲೆ ಒಂದು ಹಳೇ ಕಾರು ಕೊಂಡರು. ಅದನ್ನು ಒರೆಸೋದೇನು, ಮುದ್ದು ಮಾಡೋದೇನು! ನನ್ನನ್ನು ಒಂದು ದಿನ ಹಾಗೆ ನೋಡಿಕೊಂಡಿದ್ದರೆ ಸಾಕಿತ್ತು. ಆ ಕಾರಿಗೊಂದು ಕಳ್ಳರ ಅಲಾರಂ. ಈ ಬೇಸಿಗೆಯಲ್ಲಿ ಅದು ತಾನಾಗಿ ಕೂಗೋಕೆ ಶುರುಮಾಡಿತು. ಮಧ್ಯಾಹ್ನ ಊಟ ಮಾಡಿ ಬೀದಿಯೆಲ್ಲ ಕಣ್ಣು ಮುಚ್ಚೋ ಹೊತ್ತಿಗೆ ಸರಿಯಾಗಿ ಕಿವಿ ಕಿತ್ತುಹೋಗೋ ಹಾಗೆ ಕಿರುಚೋದು. ಎದ್ದೂ ಬಿದ್ದೂ ಓಡಿಹೋಗಿ ನೋಡಿದರೆ ಕಳ್ಳನೂ ಇಲ್ಲ, ಬೆಕ್ಕೂ ಇಲ್ಲ.

"ರೀ, ಬಾಗಿಲು ಸರಿಯಾಗಿ ಹಾಕಿದ್ರಾ?" ಅಂತ ನಾನು.

"ಹಾಕಿದೀನಿ ಕಣೇ! ನನಗೇನು ತಲೆ ಕೆಟ್ಟಿದೆಯಾ?" ಅಂತ ಅವರು.

ಇದು ಮೊದಮೊದಲ ಮಾತು. ಸೊಸೆ ಕಾರನ್ನು ಶೆಡ್ಡಿಗೆ ಒಯ್ದು ನೋಡಿದಳು. ಅಲ್ಲಿ ಅದು ಉಸಿರೇ ಬಿಡಲಿಲ್ಲ. ಮನೆ ಮುಂದೆ ತಂದು ನಿಲ್ಲಿಸಿದ ಮಾರನೇ ಮಧ್ಯಾಹ್ನವೇ ಮತ್ತೆ ಅದೇ ರಂಪ. ಎದುರುಮನೆ ದರ್ಜಿ, "ವಯಸ್ಸಾಯ್ತಲ್ಲ, ಅರಳು ಮರಳು, ಬಾಗಿಲು ಅರ್ಧಂಬರ್ಧ ಹಾಕಿ ಬಂದುಬಿಡ್ತಾರೆ ಅಷ್ಟೇ" ಅಂದ. ಕೆಟ್ಟವನಲ್ಲ ಅವನು, ಬಾಯಿಗೆ ಬಂದದ್ದು ಅಂದ. ಆದರೆ ಆ ಮಾತು ಇವರ ಎದೆಗೆ ನಾಟಿಬಿಟ್ಟಿತು.

ಯಾಕಂದರೆ ಇವರ ಅಣ್ಣನಿಗೆ ಶುರುವಾಗಿದ್ದೂ ಹೀಗೇ. ಮೊದಲು ನಲ್ಲಿ ನಿಲ್ಲಿಸೋದು ಮರೆತರು, ಆಮೇಲೆ ಮನೆಯ ದಾರಿ ಮರೆತರು. ಕೊನೆಗೊಂದು ದಿನ ಹೆಂಡತಿಯನ್ನೇ "ನೀವು ಯಾರು?" ಅಂತ ಕೇಳಿದರು. ಜೀವಮಾನವೆಲ್ಲ "ಏನೇ, ಬಾರೇ" ಅಂತಿದ್ದ ಗಂಡ "ನೀವು" ಅಂದದ್ದು ಕೇಳಿ ನನ್ನ ಓರಗಿತ್ತಿ ಅಲ್ಲೇ ಕುಸಿದು ಕೂತಳು. ನಾವಿಬ್ಬರೂ ಪಕ್ಕದಲ್ಲೇ ನಿಂತಿದ್ದೆವು.

ದರ್ಜಿಯ ಆ ಮಾತಾದಮೇಲೆ ಒಂದು ಮಧ್ಯಾಹ್ನ ಕಾರು ಮತ್ತೆ ಕೂಗಿತು. ನಾನು ರೂಢಿಯಂತೆ, "ಬಾಗಿಲು ಹಾಕಿದ್ರಾ?" ಅಂದೆ.

"ಹಾಕಿದೀನಿ ಅಂತ ಕಾಣುತ್ತೆ" ಅಂದರು.

ಸಿಟ್ಟಿಲ್ಲ, "ಕಣೇ" ಇಲ್ಲ. ನನ್ನ ಜೀವ ಝಲ್ ಅಂತು. ಸಂಜೆ ಅವರು ಕಾರಿನ ಕೀ ತಂದು ಸೊಸೆಯ ಕೈಗಿಟ್ಟರು. "ಇದು ನಿನ್ನ ಹತ್ರಾನೇ ಇರ್ಲಮ್ಮ. ನಾನಿನ್ನು ಓಡಿಸೋದು ಬೇಡ. ಯಾರಿಗಾದ್ರೂ ಗುದ್ದಿಬಿಟ್ಟೇನು."

ಅವಳು ಕೀ ನೋಡಿದಳು, ಅವರ ಮುಖ ನೋಡಿದಳು. "ಮಾವ, ನಾನು ಕಾರನ್ನ ಶೆಡ್ಡಿನ ನೆರಳಲ್ಲಿ ಕೂರಿಸಿ ಕೇಳ್ದೆ. ಅದು ಕೂಗೋ ಜಾಗದಲ್ಲೇ ಕೇಳ್ಬೇಕಿತ್ತು. ನಾಳೆ ಕೇಳ್ತೀನಿ" ಅಂದಳು.

ಮಾರನೇ ದಿನ ಕಾರನ್ನು ಮನೆ ಮುಂದೆ ಸುಡು ಬಿಸಿಲಿಗೇ ನಿಲ್ಲಿಸಿದಳು. ಬಾಗಿಲು ಹಾಕೋ ಕೆಲಸ ಮಾವನಿಂದಲೇ ಮಾಡಿಸಿದಳು. ಪಾಪ, ಒಂದೊಂದು ಬಾಗಿಲನ್ನೂ ಎರಡೆರಡು ಸಲ ಎಳೆದು ನೋಡಿ ಬಂದರು. ಅವಳು ತಲೆ ಮೇಲೆ ಒದ್ದೆ ಟವೆಲ್ ಹೊದ್ದು ಕಾರಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಇವರು ಜಗಲಿಯ ಮೇಲೆ ಕೂತು ಉಗುರು ಕಡಿಯುತ್ತಿದ್ದರು.

ಕೂಗಿತು ನೋಡಿ! ಇವರು ತಲೆ ತಗ್ಗಿಸಿಬಿಟ್ಟರು. ಸೊಸೆ ಮಾತ್ರ ನಗುತ್ತಾ ಅಲಾರಂ ನಿಲ್ಲಿಸಿ ಎದ್ದು ಬಂದಳು.

"ಮಾವ, ಬೆಳಿಗ್ಗೆನೇ ನಾನು ಬಾಗಿಲಿನ ಸ್ವಿಚ್ಚುಗಳ ವೈರೆಲ್ಲ ಬಿಚ್ಚಿಟ್ಟಿದೀನಿ. ಈಗ ನಾಲ್ಕೂ ಬಾಗಿಲು ಹಾರುಹೊಡೆದಿಟ್ರೂ ಅಲಾರಮ್ಮಿಗೆ ಗೊತ್ತಾಗಲ್ಲ. ಆದ್ರೂ ಕೂಗ್ತು."

"ಅಂದ್ರೆ?"

"ಅಂದ್ರೆ ನೀವು ಬಾಗಿಲು ಹಾಕೋದಕ್ಕೂ ಇದು ಕೂಗೋದಕ್ಕೂ ಸಂಬಂಧಾನೇ ಇಲ್ಲ ಮಾವ. ದಿನಾ ಸರಿಯಾಗೇ ಹಾಕಿದೀರ."

ಅವಳು ಬಾನೆಟ್ಟಿನ ಸ್ವಿಚ್ಚಿನ ವೈರನ್ನೂ ಬಿಚ್ಚಿ ಮತ್ತೆ ಬಿಸಿಲಲ್ಲಿ ಕಾದಳು. ಬಿಸಿಲು ಇಳಿಯೋವರೆಗೂ ಕಾರು ತುಟಿಪಿಟಕ್ಕೆನ್ನಲಿಲ್ಲ. ಆಗ ಬಾನೆಟ್ ಎತ್ತಿ ಒಳಗಿನ ಒಂದು ಸಣ್ಣ ಗುಂಡಿ ತೋರಿಸಿದಳು. ಬಾನೆಟ್ ಮುಚ್ಚಿದಾಗ ಅದು ಒತ್ತಿಕೊಂಡಿರಬೇಕಂತೆ. ಸವೆದು ಮೋಟಾಗಿತ್ತು. ಬಿಸಿಲಿಗೆ ತಗಡು ಉಬ್ಬಿ ಕೂದಲೆಳೆಯಷ್ಟು ಎದ್ದರೂ ಸಾಕು, ಯಾರೋ ಬಾನೆಟ್ ತೆರೆದರು ಅಂತ ಬೊಬ್ಬೆ ಹೊಡೆಯುತ್ತಿತ್ತು.

"ಬಾನೆಟ್ ಕೊನೇ ಸಲ ಹಾಕಿದ್ದು ನಾನು. ಅರಳು ಮರಳು ಯಾರಿಗಾದ್ರೂ ಇದ್ರೆ ನನಗೇ" ಅಂದಳು. ಅದನ್ನು ದರ್ಜಿಗೂ ಕೇಳೋ ಹಾಗೇ ಅಂದಳು, ನನ್ನ ಬಂಗಾರ!

ಇವರು ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ನಾನು ಟವೆಲ್ ಹಿಡಿದು ಬಚ್ಚಲ ಹೊರಗೇ ನಿಂತಿದ್ದೆ. ನನ್ನ ಮುಖವೂ ಒದ್ದೆಯಾಗಿತ್ತು.

ಸೊಸೆ ಹೊಸ ಗುಂಡಿ ಹಾಕಿದಳು. ಕೀ ವಾಪಸ್ ಅವರ ಜೇಬಿಗೆ ಹೋಯಿತು. ಮಾರನೇ ದಿನ ಒಂದು ಸುತ್ತು ಓಡಿಸಿಕೊಂಡು ಬಂದು ಕಾರು ನಿಲ್ಲಿಸಿ ಮೆಟ್ಟಿಲು ಹತ್ತುತ್ತಿದ್ದರು. ಬೇಕಂತಲೇ ಕೇಳಿದೆ. "ರೀ, ಬಾಗಿಲು ಸರಿಯಾಗಿ ಹಾಕಿದ್ರಾ?"

"ಹಾಕಿದೀನಿ ಕಣೇ! ಎಷ್ಟು ಸಲ ಕೇಳ್ತೀಯ? ಮರೆವು ಬಂದಿರೋದು ನಿನಗೆ!"

ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಬೈಸಿಕೊಂಡು ನೆಮ್ಮದಿಯಾಗಿ ಮಲಗಿದ್ದು ಆ ಮಧ್ಯಾಹ್ನವೇ.