ಐಲಿ ಕೂಗಿದ ಬೆಲೆ

ಪೂರ್ತಿ ಬೆಲೆ ಕೊಟ್ಟು ಏನನ್ನಾದರೂ ಕೊಂಡರೆ ಐಲಿ ಕೊಸ್ಕೆಲಾಗೆ ಅದು ಕದ್ದ ಮಾಲಿನಂತೆ ಕಾಣುತ್ತಿತ್ತು, ಮನೆಗೆ ತಂದ ಮೇಲೂ ಸಂತೋಷವಿಲ್ಲ. ಅಮೆರಿಕದ ಉತ್ತರ ಮಿನೆಸೋಟದ ನಮ್ಮ ಕಾಗದದ ಕಾರ್ಖಾನೆಯ ಊರಿನಲ್ಲಿ ಅವಳು ಮನೆಯ ನೆಲಮಾಳಿಗೆಯಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಕೂದಲಿನ ಜೊತೆ ಊರಿನ ಸುದ್ದಿಯೂ ಅಲ್ಲಿ ಕತ್ತರಿಗೆ ಸಿಗುತ್ತಿತ್ತು. ಗಂಡ ರುಡಿಗೆ ಮೀನು, ದೋಣಿ, ಬಿಸಿ ಹಬೆಯ ಸೌನಾ ಕೋಣೆ ಇಷ್ಟಿದ್ದರೆ ಸಾಕು. ಐಲಿಗೆ ಮಾತ್ರ ಊರು ಸುತ್ತುವ ಆಸೆ ಐವತ್ತು ದಾಟಿದ ಮೇಲೆ ಹುಟ್ಟಿತು, ಅದೂ ಕಂಪ್ಯೂಟರಿನ ದೆಸೆಯಿಂದ.

ಹೋಟೆಲ್ ಕೋಣೆಗಳನ್ನು ಹರಾಜು ಕೂಗಿ ಪಡೆಯುವ ಒಂದು ಅಂತರ್ಜಾಲ ತಾಣ ಆಗ ಹೊಸದಾಗಿ ಬಂದಿತ್ತು. ಯಾವ ಊರು, ಊರಿನ ಯಾವ ಭಾಗ, ಎಷ್ಟು ನಕ್ಷತ್ರದ ಹೋಟೆಲ್ ಎಂದು ಆರಿಸಬೇಕು; ನಮ್ಮ ಬೆಲೆಯನ್ನು ನಾವೇ ಹೇಳಬೇಕು. ಖಾಲಿ ಬಿದ್ದ ಕೋಣೆಯಿರುವ ಯಾವುದಾದರೂ ಹೋಟೆಲ್ ಒಪ್ಪಿದರೆ ಕಾರ್ಡಿನಿಂದ ಹಣ ಹೋದ ಮೇಲಷ್ಟೇ ಹೋಟೆಲಿನ ಹೆಸರು ಕಾಣುತ್ತದೆ. ಹಣ ವಾಪಸ್ಸಿಲ್ಲ. ಒಪ್ಪದಿದ್ದರೆ ಅದೇ ಕೂಗನ್ನು ಆ ದಿನ ಮತ್ತೆ ಕೂಗುವಂತಿಲ್ಲ, ಬೆಲೆಯಷ್ಟೇ ಅಲ್ಲದೆ ಊರಿನ ಭಾಗವನ್ನೋ ನಕ್ಷತ್ರವನ್ನೋ ಬದಲಿಸಬೇಕು. ಐಲಿ ಅದಕ್ಕೂ ದಾರಿ ಕಂಡುಕೊಂಡಿದ್ದಳು. ದೊಡ್ಡ ಹೋಟೆಲೇ ಇಲ್ಲದ ಬಡಾವಣೆಯೊಂದನ್ನು ತನ್ನ ಆಯ್ಕೆಗೆ ಸೇರಿಸಿ, ಏನೂ ಅರಿಯದವಳಂತೆ ಇನ್ನೊಮ್ಮೆ ಕೂಗುತ್ತಿದ್ದಳು; ಅಲ್ಲಿ ಕೋಣೆ ಸಿಗುವ ಭಯವಿಲ್ಲ, ಕೂಗು ಮಾತ್ರ ಬದಲಾದಂತಾಯಿತು.

ನಾವು ನಾಲ್ವರು ಗೆಳತಿಯರು ಗುರುವಾರ ಸಂಜೆ ಬೌಲಿಂಗ್ ಆಡುತ್ತಿದ್ದೆವು, ಭಾರದ ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ. ಐಲಿ, ನಾನು, ಬ್ಯಾಂಕಿನ ಲವೋನ್, ಶಾಲೆಯ ಬಸ್ಸು ಓಡಿಸುವ ಮಾರ್ಲಿಸ್. ಆ ವರ್ಷದ ಮಾರ್ಚ್‌ನಲ್ಲಿ ಮಿನಿಯಾಪೊಲಿಸ್‌ನ ಪಂದ್ಯಾವಳಿಗೆ ಹೆಸರು ಕೊಟ್ಟೆವು. ಉಳಿಯುವ ಏರ್ಪಾಡು ಐಲಿಯದು. ಅವಳು ಕಂಪ್ಯೂಟರ್ ಮುಂದೆ ಕೂತಳು, ನಾವು ಕಾಫಿ ಹಿಡಿದು ಹಿಂದೆ ನಿಂತೆವು.

"ಹೆಸರೂ ಗೊತ್ತಿಲ್ದೆ ದುಡ್ಡು ಕೊಡ್ತೀಯಲ್ಲೇ, ತಲೆ ನೆಟ್ಟಗಿದ್ಯಾ ನಿಂಗೆ?" ಎಂದಳು ಲವೋನ್.

"ರುಡೀನ ಕಟ್ಕೊಂಡಾಗ ಅವನ ಬಗ್ಗೆ ನಂಗೇನು ಗೊತ್ತಿತ್ತು? ನಡೀತಿಲ್ವಾ ಸಂಸಾರ. ಸುಮ್ನಿರು, ಬೆಲೆ ತಪ್ಪಿ ಬೀಳುತ್ತೆ."

ಎರಡು ಕೋಣೆ, ನಾಲ್ಕು ನಕ್ಷತ್ರ, ಒಂದೊಂದಕ್ಕೆ ನಲವತ್ತೆರಡು ಡಾಲರ್. ಇಲ್ಲವೆಂದಿತು. ಬಡಾವಣೆ ಸೇರಿಸಿ ನಲವತ್ತೇಳು. ಪರದೆ ಸ್ವಲ್ಪ ಹೊತ್ತು ಯೋಚಿಸಿ, ಊರಿನ ನಡುವಿನ ಹಳೆಯ ಭಾರೀ ಹೋಟೆಲೊಂದರ ಹೆಸರು ತೋರಿಸಿತು. ಕಮಾನಿನ ಬಾಗಿಲು, ಅಮೃತಶಿಲೆಯ ಮೆಟ್ಟಿಲು. ಮಾರ್ಲಿಸ್ ಚಿತ್ರವನ್ನೇ ನೋಡುತ್ತಾ, "ಅಲ್ಲಿಗೆ ನಾನು ಯಾವ ಬೂಟು ಹಾಕ್ಕೊಂಡು ಬರ್ಲಿ ಈಗ?" ಎಂದಳು.

ಶುಕ್ರವಾರ ಹೋಗಿ ಇಳಿದೆವು. ಒಂದೊಂದು ಕೋಣೆಯಲ್ಲಿ ಒಂದೊಂದೇ ಮಂಚ. ಎಂಥ ಮಂಚ ಸಿಗುತ್ತದೆಂಬುದು ಹರಾಜಿನ ಕರಾರಿನಲ್ಲಿ ಇರುವುದಿಲ್ಲ. ಮಾರ್ಲಿಸ್‌ಳ ಗೊರಕೆ ಇಡೀ ಊರಿಗೆ ಗೊತ್ತು. ಚೀಟಿ ಎತ್ತಿದೆವು, ಅವಳ ಪಕ್ಕದ ಜಾಗ ನನಗೆ ಬಂತು. ಬೆಳಗ್ಗೆ ನನ್ನ ಮುಖ ನೋಡಿ ಐಲಿ ಕಾಫಿ ತಂದುಕೊಟ್ಟಳು.

ಅಷ್ಟರಲ್ಲಿ ಹೊರಗೆ ಹಿಮ ಸುರಿದು ರಸ್ತೆಗಳೆಲ್ಲ ಮುಚ್ಚಿದ್ದವು. ನಮ್ಮ ಆಟ ಭಾನುವಾರಕ್ಕೆ ಇದ್ದುದರಿಂದ ನಮಗೆ ಚಿಂತೆಯಿರಲಿಲ್ಲ. ತಿಂಡಿಗೆಂದು ಕೆಳಗಿಳಿಯುವಾಗ ಲಿಫ್ಟಿನೊಳಗೆ ಮನೆಯ ಗೌನು ತೊಟ್ಟ ಒಬ್ಬ ಹುಡುಗಿ ಗೋಡೆಗೆ ಹಣೆ ಒತ್ತಿ ಅಳುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ ಫೋನು ಹಿಡಿದು ನಿಂತಿದ್ದಳು. ಅಂದು ಮಧ್ಯಾಹ್ನ ಅದೇ ಹೋಟೆಲಿನಲ್ಲಿ ಆ ಹುಡುಗಿಯ ಮದುವೆ. ಅವಳಿಗೂ ಗೆಳತಿಯರಿಗೂ ತಲೆ ಬಾಚಬೇಕಾದವಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡಿದ್ದಳು.

ಐಲಿ ಕೈ ಚಾಚಿ ಆ ಹುಡುಗಿಯ ಕೂದಲನ್ನು ಬೆರಳಲ್ಲಿ ಎತ್ತಿ ನೋಡಿದಳು. "ಒಳ್ಳೆ ಕೂದ್ಲು ಮಗಳೇ. ಅಳ್ಬೇಡ, ಕಣ್ಣು ಊದ್ಕೊಂಡ್ರೆ ಅದನ್ನ ರಿಪೇರಿ ಮಾಡೋಕೆ ನಂಗೆ ಬರಲ್ಲ. ಯಾವ ಕೋಣೆ ನಿಮ್ದು?"

"ನೀವು ಯಾರು?" ಎಂದಳು ತಾಯಿ.

"ಐಲಿ. ಮೂವತ್ತು ವರ್ಷದಿಂದ ಇದೇ ಕೆಲಸ. ಪಿನ್ನು ಇದ್ಯಾ ನಿಮ್ಹತ್ರ?"

ತಿಂಡಿ ಅಲ್ಲಿಗೇ ಮರೆತುಹೋಯಿತು. ಐಲಿ ಬಾಚಿದಳು, ನಾನು ಪಿನ್ನು ಕೊಟ್ಟೆ, ಲವೋನ್ ಸುರುಳಿ ಸುತ್ತುವ ಕಡ್ಡಿ ಬಿಸಿ ಮಾಡಿದಳು. ಮಾರ್ಲಿಸ್ ಬಸ್ಸಿನ ಮಕ್ಕಳನ್ನು ಕೂರಿಸುವ ದನಿಯಲ್ಲಿ ಮದುಮಗಳ ಗೆಳತಿಯರನ್ನು ಸಾಲಾಗಿ ಕೂರಿಸಿದಳು. ಕ್ರಿಸ್ಟಾ, ಅದೇ ಮದುಮಗಳು, ಕನ್ನಡಿ ನೋಡಿಕೊಂಡಾಗ ಅವಳ ತಾಯಿ ಜೂಡಿತ್ ಕಿಟಕಿಯ ಕಡೆ ತಿರುಗಿ ನಿಂತಳು. ಈಗ ಅಳುವ ಸರದಿ ಅವಳದು.

ಐಲಿ ದುಡ್ಡು ಮುಟ್ಟಲಿಲ್ಲ. ಜೂಡಿತ್ ಬಿಡಲಿಲ್ಲ. "ಅರ್ಧ ನೆಂಟರು ಹಿಮದಲ್ಲಿ ನಿಂತುಬಿಟ್ಟಿದಾರೆ. ಊಟ ಇದೆ, ವಾದ್ಯದವ್ರು ಬಂದಿದಾರೆ, ನಾವು ಹಿಡಿದಿಟ್ಟ ಕೋಣೆಗಳು ಖಾಲಿ ಇವೆ. ನೀವು ನಾಲ್ಕೂ ಜನ ಬರ್ಲೇಬೇಕು. ಮಲಗೋಕೂ ಬೇರೆ ಬೇರೆ ಕೋಣೆ ತಗೊಳ್ಳಿ." ಬೇರೆ ಕೋಣೆ ಎಂದ ಕೂಡಲೇ ನಾನು ಅವಳ ಕೈ ಹಿಡಿದುಕೊಂಡೆ.

ಬೌಲಿಂಗಿನ ನೀಲಿ ಅಂಗಿಯಲ್ಲೇ ಮದುವೆಗೆ ಹೋದೆವು. ಊಟದ ಮೇಜಿನಲ್ಲಿ ಕ್ರಿಸ್ಟಾಳ ತಂದೆ ನಮ್ಮ ಪಕ್ಕ ಬಂದು ಕೂತ. ಎತ್ತರದ ಮನುಷ್ಯ, ಗಂಭೀರ ಮುಖ. "ಒಂದೊಂದು ಕೋಣೆಗೆ ನೂರಾ ತೊಂಬತ್ತು ಕೊಟ್ಟಿದೀನಿ," ಎಂದು ಅವನು ನಿಟ್ಟುಸಿರು ಬಿಟ್ಟ. "ನಿಮ್ಗೆಷ್ಟು ಬಿತ್ತು?"

ಮೇಜಿನ ಕೆಳಗೆ ಲವೋನ್ ಐಲಿಯ ಕಾಲು ತುಳಿದಳು. ತಪ್ಪಿ ನನ್ನ ಕಾಲನ್ನೂ ತುಳಿದಳು. ಆದರೆ ಅಗ್ಗಕ್ಕೆ ಕೊಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಐಲಿಯಿಂದಾಗದ ಕೆಲಸ.

"ನಲವತ್ತೇಳು."

ಅವನು ಚಮಚ ಕೆಳಗಿಟ್ಟ. ಹೆಂಡತಿ ಕೂತ ಕಡೆ ನೋಡಿದ, ಛಾವಣಿ ನೋಡಿದ. ಆಮೇಲೆ ಅವನ ಭುಜ ಕುಲುಕತೊಡಗಿತು. ನಗುತ್ತಿದ್ದಾನೆಂದು ಗೊತ್ತಾಗಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. "ಜೂಡಿತ್‌ಗೆ ಹೇಳ್ಬೇಡಿ," ಎಂದು ಕಣ್ಣೊರೆಸಿಕೊಂಡು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಹೆಂಗೆ ಮಾಡಿದ್ರಿ ಹೇಳಿ, ನಿಧಾನಕ್ಕೆ ಹೇಳಿ."

ಐಲಿ ನಿಧಾನವಾಗಿ ಹೇಳಿದಳು. ಉಪ್ಪಿನ ಡಬ್ಬಿ ಒಂದು ಬಡಾವಣೆಯಾಯಿತು, ಬ್ರೆಡ್ಡಿನ ಬುಟ್ಟಿ ಇನ್ನೊಂದು. ಕೇಕ್ ಕತ್ತರಿಸಲು ಕರೆ ಬಂದಾಗಲೂ ಅವನಿಗೆ ಏಳಲು ಮನಸ್ಸಿರಲಿಲ್ಲ. ಪೋಲ್ಕಾ ಕುಣಿತ ಶುರುವಾದ ಮೇಲೆ ಮೊದಲು ಮಗಳ ಜೊತೆ ಕುಣಿದ, ಆಮೇಲೆ ಬಂದು ಐಲಿಯ ಮುಂದೆ ಕೈ ಚಾಚಿದ. ಮಾರ್ಲಿಸ್‌ಗಂತೂ ಕುಣಿಯಲು ಕರೆಯುವವರಿಂದ ಬಿಡುವೇ ಇರಲಿಲ್ಲ.

ಭಾನುವಾರದ ಆಟದ ವಿಷಯ ಹೇಳಿಕೊಳ್ಳುವಂಥದ್ದಲ್ಲ. ಮಾರ್ಲಿಸ್‌ಗೆ ಸೊಂಟ ಬಗ್ಗುತ್ತಿರಲಿಲ್ಲ, ಲವೋನ್‌ಳ ಚೆಂಡು ಆಟದ ಹಾದಿಯಂಚಿನ ಕಾಲುವೆ ಬಿಟ್ಟು ಮೇಲೇರಲಿಲ್ಲ. ನಾವು ಕೊನೆಯವರಾಗುವುದನ್ನು ನಮಗಿಂತ ವಯಸ್ಸಾದ ಒಂದು ತಂಡ ತಪ್ಪಿಸಿತು. ಅವರಿಗೆ ಹೋಗಿ ಕೈಕುಲುಕಿ ಬಂದೆವು.

ಮನೆಯ ಕಡೆ ಹೊರಟಾಗ ಮುಂದೆ ಹಿಮ ಗೋರುವ ಲಾರಿ, ಅದರ ಹಿಂದೆ ನಮ್ಮ ಕಾರು, ಆಮೆಯ ನಡಿಗೆ. ಬಿಸಿಲು ಬಂದು ಹೊಲಗಳೆಲ್ಲ ಹೊಳೆಯುತ್ತಿದ್ದವು. ಹಿಂದಿನ ಸೀಟಿನಲ್ಲಿ ಐಲಿ ಮದುವೆಯ ಕೇಕಿನ ತುಂಡನ್ನು ಕಾಗದ ಬಿಚ್ಚಿ ಹಂಚಿದಳು.

"ಮಾರ್ಲಿಸ್, ನೀನು ಸಮುದ್ರ ನೋಡಿದ್ಯೇನೇ?"

"ಇಲ್ಲ."

"ಅಕ್ಟೋಬರ್‌ನಲ್ಲಿ ಸಮುದ್ರದ ಕಡೆ ಯಾರೂ ಹೋಗಲ್ಲ," ಎಂದಳು ಐಲಿ ಬೆರಳು ನೆಕ್ಕುತ್ತಾ. "ಬೇಕಾದಷ್ಟು ಕೋಣೆ ಖಾಲಿ ಇರುತ್ವೆ."

"ಒಂದೇ ಮಂಚ ಆದ್ರೆ ನಾನು ಬರಲ್ಲ," ಎಂದೆ ನಾನು. ಮಾರ್ಲಿಸ್ ಸ್ಟೀರಿಂಗ್ ಮೇಲೆ ಬಿದ್ದು ಬಿದ್ದು ನಕ್ಕಳು. ಅಕ್ಟೋಬರ್‌ನಲ್ಲಿ ನಾವು ನಾಲ್ವರೂ ಹೋದೆವು.