ಬೀಗರು ಕೊಟ್ಟ ರೂಟರ್

ನಮ್ಮ ಮನೆಗೆ ರೂಟರ್ ಬಂದದ್ದು ಎಲೆ ಅಡಿಕೆಯ ಜೊತೆಗೆ. ಚಿತ್ರದುರ್ಗದಿಂದ ಸಂಜೆಯ ಬಸ್ಸಿಗೆ ಬಂದ ಅಣ್ಣ ಚೀಲದಿಂದ ಡಬ್ಬಿ ತೆಗೆದು ಅವ್ವನ ಕೈಗೆ ಕೊಟ್ಟ. ಡಬ್ಬಿಯ ಮೇಲೆ ಅರಿಶಿನ ಕುಂಕುಮದ ಬೊಟ್ಟುಗಳಿದ್ದವು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, ಜೊತೆಯಲ್ಲಿ ಬಂದಿದ್ದ ತೆಂಗಿನಕಾಯಿಯೊಂದಿಗೆ ದೇವರ ಮುಂದೆ ಇಟ್ಟಳು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಡಬ್ಬಿಯ ಮೇಲಿನ ಚಿತ್ರವನ್ನೇ ನೋಡುತ್ತಿದ್ದಳು. ಅಷ್ಟು ದೂರದಿಂದಲೇ ಅವಳಿಗೆ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಬೆಳಕು ಅವಳ ಹಿಂದಿನಿಂದ ಬರುತ್ತಿತ್ತು, ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಹಾಗಾಗಿ ಖಚಿತವಾಗಿ ಹೇಳಲಾರೆ.

ಅದು ಎರಡು ಸಾವಿರದ ದಶಕದ ಕೊನೆಯ ಕಾಲ. ನಮ್ಮ ಮನೆ ಹಿರಿಯೂರಿನ ಅಂಚಿನಲ್ಲಿ, ಆದಿವಾಲದ ಕಡೆ ಹೋಗುವ ರಸ್ತೆಯಲ್ಲಿತ್ತು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ ಮತ್ತು ನಾನು. ಅಣ್ಣ ತಾಲ್ಲೂಕು ಕಚೇರಿಯಲ್ಲಿದ್ದ. ನಾನು ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ನನಗೆ ಗಂಡು ನೋಡುತ್ತಿದ್ದರು. ಅತ್ತಿಗೆ ರಾಮಗಿರಿಯವಳು. ಮದುವೆಗೆ ಮುಂಚೆ ಚಿತ್ರದುರ್ಗಕ್ಕೆ ದಿನಾ ಓಡಾಡಿ ಒಂದು ವಿದ್ಯೆ ಕಲಿತಿದ್ದಳು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಧ್ವನಿಮುದ್ರಿಸಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಒಂದಕ್ಷರ ತಪ್ಪದಂತೆ ಟೈಪ್ ಮಾಡುವ ಕೆಲಸ ಅದು. ಧ್ವನಿಯನ್ನು ನಿಲ್ಲಿಸಿ ಹಿಂದಕ್ಕೆ ತರಲು ಕಾಲಡಿಯಲ್ಲಿ ಒಂದು ಪೆಡಲ್ ಇರುತ್ತದೆ. ಮದುವೆಯಾಗಿ ಬಂದ ಮೇಲೂ ಅತ್ತಿಗೆ ಆ ಪೆಡಲನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಅಭ್ಯಾಸಕ್ಕೆ ಕೂತಾಗ ಅವ್ವ ನಗುತ್ತಿದ್ದಳು. "ಮಿಷನ್ನೇ ಇಲ್ಲ, ಬಟ್ಟೆನೂ ಇಲ್ಲ, ಅದೇನ್ ಹೊಲಿಗೆ ತುಳೀತಿಯವ್ವ ನೀನು?"

ಆ ವರ್ಷ ಬೆಂಗಳೂರಿನ ಒಂದು ಕಂಪನಿ ಮನೆಯಲ್ಲೇ ಕೂತು ಮಾಡುವವರನ್ನು ತೆಗೆದುಕೊಳ್ಳುತ್ತಿತ್ತು. ಅತ್ತಿಗೆ ಪರೀಕ್ಷೆ ಬರೆದು ಪಾಸಾದಳು. ಮನೆಯ ಹೊಸಿಲು ದಾಟದೆ ಮಾಡುವ ಕೆಲಸವಾದ್ದರಿಂದ ಅವ್ವ ಅಡ್ಡ ಬರಲಿಲ್ಲ. ಅಣ್ಣ ಮಾತ್ರ "ನೋಡಾಣ" ಎಂದ.

ಮನೆಯಲ್ಲಿ ಕಂಪ್ಯೂಟರ್ ಇತ್ತು, ಇಂಟರ್ನೆಟ್ ಬೇಕಾಗಿತ್ತು. ನಮ್ಮ ರಸ್ತೆಯ ಟೆಲಿಫೋನ್ ಕೇಬಲ್ಲನ್ನು ತಾಮ್ರದ ಆಸೆಗೆ ಕಳ್ಳರು ಕತ್ತರಿಸುತ್ತಲೇ ಇದ್ದರು. ಲೈನಿನವರೂ ಸಾಕಾಗಿ ಕೈಬಿಟ್ಟಿದ್ದರು. ಹಾಗಾಗಿ ಅತ್ತಿಗೆ ವಿಚಾರಿಸಿ, ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿ ಟವರಿನಿಂದ ಗಾಳಿಯಲ್ಲೇ ಇಂಟರ್ನೆಟ್ ಕೊಡುವವರನ್ನು ಹಿಡಿದಳು. ಆಂಟೆನಾದ ತಂತಿ ವೆಂಟಿಲೇಟರಿನಿಂದ ಇಳಿದು ಪಡಸಾಲೆಯ ಶೋಕೇಸಿನವರೆಗೆ ಬಂತು. ಕಂಪನಿಯದು ಒಂದೇ ಷರತ್ತು: ರೋಗಿಗಳ ವಿಷಯ ಗುಟ್ಟಿನದು, ಹೊರಗಿನ ತಂತಿ ನೇರ ಕಂಪ್ಯೂಟರಿಗೆ ಬರಕೂಡದು, ನಡುವೆ ರೂಟರ್ ಇರಬೇಕು. ಕೆಲಸ ಕಾಯಂ ಮಾಡುವ ಮುಂಚೆ ಒಂದು ದಿನ ಬೆಂಗಳೂರಿನಿಂದಲೇ ಲೈನು ಪರೀಕ್ಷಿಸುತ್ತೇವೆ, ಅವತ್ತು ಅದು ಕಡಿಯಬಾರದು ಎಂದಿದ್ದರು.

ಅತ್ತಿಗೆ ಅಣ್ಣನಿಗೆ ಬಿಡಿಸಿ ಹೇಳಿದ್ದನ್ನು ನಾನು ಕೇಳಿದ್ದೇನೆ. "ರೂಟರಿನಾಗೆ ಎರಡು ಥರ ಅವೆ ಕಣ್ರಿ. ಫೋನ್ ತಂತಿಗೆ ಹಾಕೋದು ಬೇರೆ, ಆಂಟೆನಾಕ್ಕೆ ಹಾಕೋದು ಬೇರೆ. ಒಳಗೆ ಬರೋ ಬಾಯಿ ಅಗಲ ಇರೋದು ತರ್ರಿ. ಆಂಟೆನಾ ಅಂತ ಹೇಳಿದ್ರೆ ಸಾಕು, ಅಂಗಡಿಯವ್ರಿಗೆ ಗೊತ್ತಾಗತ್ತೆ."

ಅಂಗಡಿ ನಮಗೆ ಬೀಗರಾಗಲಿದ್ದವರದು. ಹೊಳಲ್ಕೆರೆಯ ಆ ಮನೆಯ ಕಿರಿಯ ಮಗನಿಗೆ ನನ್ನನ್ನು ಕೇಳಿದ್ದರು. ಹಿರಿಯ ಮಗ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿದ್ದರು. ನಮ್ಮಲ್ಲಿ ಬೇಕಾದ್ದನ್ನು ನಮ್ಮವರ ಅಂಗಡಿಯಲ್ಲೇ ತರಬೇಕು. ಅವರನ್ನು ಬಿಟ್ಟು ಪಕ್ಕದ ಅಂಗಡಿ ಹತ್ತಿದರೆ ಅದು ಊರಿಗೆಲ್ಲ ಮಾತಾಗುತ್ತದೆ. ಅಣ್ಣ ಹೋದ.

"ಆಂಟೆನಾ ಅಂತ ಹೇಳಿದ್ರಾ?" ಆ ಸಂಜೆ ಅತ್ತಿಗೆ ಕೇಳಿದಳು.

"ಬೀಗರ ಅಂಗಡ್ಯಾಗೆ ಕುಂತು ಅದು ಕೊಡ್ರಿ, ಇದು ಬ್ಯಾಡ ಅಂತ ಬದನೆಕಾಯಿ ಆರಿಸ್ದಂಗೆ ಆರಿಸಾಕಾಗ್ತೈತಾ? ಮನೆಗೆ ಒಂದು ಒಳ್ಳೇದು ಕೊಡ್ರಿ ಅಂದೆ. ಇರೋದ್ರಾಗೆ ಒಳ್ಳೇದು ಕೊಟ್ರು. ದುಡ್ಡು ಮುಟ್ಲಿಲ್ಲ ಗೊತ್ತಾ? ನಮ್ಮನೆಗೆ ಬರೋ ಹುಡುಗಿ ಮನೆಗೆ ನಾವು ಮಾರ್ತೀವಾ ಅಂದು ಕುಂಕುಮ ಇಟ್ಟು ಕೊಟ್ರು."

"ಯಾರ ಕೆಲಸಕ್ಕೆ ಅಂದ್ರಿ?"

"ನನ್ನ ಆಫೀಸ್ ಕೆಲಸಕ್ಕೆ ಅಂದೆ."

ಅವ್ವ ನಡುವೆ ಬಾಯಿ ಹಾಕಿದಳು. "ಸರಿಯಾಗೇ ಅಂದಾನೆ. ಸೊಸೆ ಕೈಲಿ ದುಡಿಸ್ಕಂಡು ತಿಂತಾರೆ ಅಂತ ಅವ್ರು ಅನ್ಕಂಡ್ರೆ?"

ರೂಟರನ್ನು ಶೋಕೇಸಿನ ಮೇಲೆ, ಗೊಂಬೆಗಳನ್ನು ಸರಿಸಿ ಇಟ್ಟರು. ಅದರ ಹಿಂದುಗಡೆ ನಾಲ್ಕು ಅಗಲದ ಬಾಯಿಗಳಿದ್ದವು, ಪಕ್ಕದಲ್ಲಿ ಒಂದು ಚಿಕ್ಕದು. ಅಣ್ಣ ಆಂಟೆನಾದ ತಂತಿಯನ್ನು ಅಗಲದ ಬಾಯಿಯೊಂದಕ್ಕೆ ಒತ್ತಿದ. ಅದು ಟಿಕ್ಕೆಂದು ಕೂತಿತು. ಮುಂದೆ ಹಸಿರು ದೀಪ ಹತ್ತಿತು. "ಹತ್ತಲಿಲ್ವಾ? ಸುಮ್ನೆ ಹೆದರಿಸ್ತಾಳೆ!" ಎಂದು ಅಣ್ಣ ನಮ್ಮೆಲ್ಲರ ಮುಖ ನೋಡಿದ. ಆದರೆ ಕಂಪ್ಯೂಟರಿನಲ್ಲಿ ಒಂದು ಪುಟವೂ ತೆರೆಯಲಿಲ್ಲ. ಅತ್ತಿಗೆ ಕೂತು ತುಂಬ ಹೊತ್ತು ಪ್ರಯತ್ನಿಸಿದಳು. ಆಮೇಲೆ ನನ್ನನ್ನು ಕರೆದು ತೋರಿಸಿದಳು: ಈ ನಾಲ್ಕೂ ಹೊರಗೆ ಹೋಗುವ ದಾರಿ, ಮನೆಯ ಕಂಪ್ಯೂಟರುಗಳಿಗೆ. ಒಳಗೆ ಬರುವ ದಾರಿ ಆ ಚಿಕ್ಕ ಬಾಯಿ ಒಂದೇ. ಅದು ಟೆಲಿಫೋನ್ ತಂತಿಗೆ ಮಾಡಿದ್ದು, ನಮ್ಮ ತಂತಿ ಅದರೊಳಗೆ ಹೋಗುವುದಿಲ್ಲ. ದೀಪ ಹತ್ತುವುದು ತಂತಿ ತಾಕಿದೆ ಎಂಬುದಕ್ಕೆ ಮಾತ್ರ.

"ವಾಪಸ್ ಕೊಟ್ಟು ಬೇರೆ ತರ್ರಿ," ಎಂದಳು ಅಣ್ಣನಿಗೆ.

"ಕುಂಕುಮ ಹಚ್ಚಿ ಕೊಟ್ಟಿದ್ದನ್ನ ವಾಪಸ್ಸಾ?" ಅವ್ವ ಎದ್ದೇ ನಿಂತಳು. "ಸೀರೆ ಕೊಟ್ರೆ ಬಣ್ಣ ಸರಿ ಇಲ್ಲ ಅಂತ ತಿರುಗಿ ಕಳಿಸ್ತೀಯೇನವ್ವ? ನಾಳೆ ಇದೇ ನೆಪ ಆಗಿ ಹುಡುಗೀನೂ ಬ್ಯಾಡ ಅಂದ್ರೆ?"

"ನನ್ನ ಹೆಸರು ಯಾಕವ್ವ ತರ್ತೀಯ? ವಾಪಸ್ ಕೊಡ್ಲಿ, ನಂದೇನೂ ಇಲ್ಲ," ಎಂದೆ ನಾನು.

"ನೀನು ಸುಮ್ನಿರೆ ತಾಯಿ. ನಿಂದೇನಿಲ್ದೆ ಇನ್ಯಾರ್ದು?"

ಅಣ್ಣ ಪೇಪರು ಓದುತ್ತಿದ್ದ. ಮುಂದಿನ ವಾರದ ಮಾತುಕತೆಗಳು ಕೋಣೆಯೊಳಗೆ ನಡೆದವು, ನನಗೆ ಕೇಳಿಸಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಒಬ್ಬಳೇ ಚಿತ್ರದುರ್ಗದ ಬಸ್ಸು ಹತ್ತಿದಳು. ಮಧ್ಯಾಹ್ನ ಬೇರೊಂದು ಅಂಗಡಿಯ ಚೀಲ ಹಿಡಿದು ಬಂದಳು. ಅವಳು ತಂದ ರೂಟರ್ ಚಿಕ್ಕದು, ನೋಡಲು ಸಾಧಾರಣ. ಅದರಲ್ಲಿ ಒಳಗೆ ಬರುವ ಬಾಯಿಯೂ ಅಗಲವಾಗಿತ್ತು. ತಂತಿ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಪುಟ ತೆರೆಯಿತು. ಅತ್ತಿಗೆ ಒಮ್ಮೆ ನಕ್ಕಳು, ಅಷ್ಟೆ.

ಅವ್ವನದು ಒಂದೇ ಕರಾರು. ಅದು ಕಣ್ಣಿಗೆ ಬೀಳಬಾರದು. ಹಾಗಾಗಿ ಕೆಲಸ ಮಾಡುವ ರೂಟರ್ ಟೀವಿಯ ಹಿಂದೆ ಕೂತಿತು. ಕೆಲಸ ಮಾಡದ್ದು ಶೋಕೇಸಿನ ಮೇಲೆ ಕುಂಕುಮ ಹಚ್ಚಿಕೊಂಡು ಉಳಿಯಿತು. ಅತ್ತಿಗೆ ಒಳಕೋಣೆಯಲ್ಲಿ ಕಂಪನಿ ಕಳಿಸಿದ ಮಾದರಿ ಕೆಲಸ ಮಾಡತೊಡಗಿದಳು. ಅವಳ ಕಾಲು ಪೆಡಲ್ ತುಳಿಯುವ ಸದ್ದು ನನಗೆ ರೂಢಿಯಾಯಿತು. ಆ ದಿನಗಳಲ್ಲಿ ಅವಳು ಊಟಕ್ಕೆ ಕೂತಾಗ ಕಿಡ್ನಿ, ಪಿತ್ತಕೋಶ ಎಂದೆಲ್ಲ ಮಾತಾಡುತ್ತಿದ್ದಳು, ಅವ್ವ "ಅನ್ನದ ಮುಂದೆ ಅವನ್ನೆಲ್ಲ ತರಬ್ಯಾಡ" ಎಂದು ಗದರುತ್ತಿದ್ದಳು.

ಕಂಪನಿಯವರು ಲೈನು ಪರೀಕ್ಷೆಯ ದಿನ ತಿಳಿಸಿದರು. ಕೆಲ ದಿನಗಳಲ್ಲೇ ಬೀಗರು ಮಾತು ಪಕ್ಕಾ ಮಾಡಲು ಬರುವುದಾಗಿ ಹೇಳಿಕಳಿಸಿದರು. ಅದೂ ಅದೇ ದಿನ. ಬೇರೆ ದಿನ ನೋಡಬಹುದೇ ಎಂದು ಅತ್ತಿಗೆ ಕೇಳಿದಳು. ಆಷಾಢ ಹತ್ತಿರ ಬಂದಿತ್ತು, ಅದರೊಳಗೆ ಇನ್ನು ಒಳ್ಳೆಯ ದಿನವಿಲ್ಲ ಎಂದು ಅವ್ವ ಹೇಳಿದಳು. "ಅವ್ರು ಪಡಸಾಲ್ಯಾಗೆ ಇರ್ತಾರೆ, ನಿನ್ ಲೈನು ಟೀವಿ ಹಿಂದೆ ಇರ್ತೈತೆ. ಯಾರ್ ಮುಟ್ತಾರೆ ಅದ್ನ?" ಎಂದ ಅಣ್ಣ.

ಅವತ್ತು ಬೆಳಿಗ್ಗೆ ಅತ್ತಿಗೆ ಸ್ನಾನ ಮಾಡಿ, ಕಂಪ್ಯೂಟರ್ ಹಾಕಿ, ಕಂಪನಿಗೆ ಫೋನ್ ಮಾಡಿ ಪರೀಕ್ಷೆ ಶುರುವಾದದ್ದನ್ನು ಖಚಿತ ಮಾಡಿಕೊಂಡು ಹೋಳಿಗೆಗೆ ಕೂತಳು. ನಾನು ಪಡಸಾಲೆಯಲ್ಲಿ ಜಮಖಾನ ಹಾಸುತ್ತಿದ್ದೆ. ಅಣ್ಣ ಶೋಕೇಸಿನ ಮೇಲಿದ್ದ ಬೀಗರ ರೂಟರನ್ನು ಒರೆಸಿ ಕರೆಂಟಿಗೆ ಹಾಕಿದ. ಒಂದು ದೀಪ ಹತ್ತಿತು. ಉಳಿದವು ಕಪ್ಪಗೇ ಇದ್ದವು. ಅವನು ಅದನ್ನು ನೋಡುತ್ತ ನಿಂತ. ಹೊರಗೆ ಕಾರು ನಿಂತ ಸದ್ದಾಯಿತು. ಅಣ್ಣ ಟೀವಿಯ ಹಿಂದೆ ಕೈ ಹಾಕಿದ. ನಾನು "ಅಣ್ಣಾ" ಎಂದೆ. ಅವನು ಆಂಟೆನಾದ ತಂತಿಯನ್ನು ಎಳೆದು ತಂದು ಬೀಗರ ರೂಟರಿಗೆ ಒತ್ತಿದ. ಇನ್ನೊಂದು ದೀಪ ಹತ್ತಿತು.

ನಾನು ಅಡುಗೆಮನೆಗೆ ಓಡಿ ಹೇಳಿದೆ. ಅತ್ತಿಗೆ ಕೈಯ ಕಣಕವನ್ನೂ ತೊಳೆಯದೆ ಎದ್ದು ಬಂದಳು. ಅಷ್ಟರಲ್ಲಿ ಬೀಗರು ಚಪ್ಪಲಿ ಬಿಡುತ್ತಿದ್ದರು. "ಬರ್ರಿ, ಬರ್ರಿ, ಕುಂತ್ಕಳ್ರಿ," ಎನ್ನುತ್ತ ಅಣ್ಣ ಶೋಕೇಸಿಗೆ ಬೆನ್ನು ಕೊಟ್ಟು ನಿಂತ. ಅತ್ತಿಗೆ ಅವನ ಹತ್ತಿರ ಹೋಗಿ ಮೆಲ್ಲಗೆ, "ಒಂದ್ ನಿಮಿಷ ಸರೀರಿ," ಎಂದಳು. ಅಣ್ಣ ನಗುತ್ತಲೇ, ಬೀಗರ ಕಡೆಯೇ ನೋಡುತ್ತ, "ನೀರು ತಗಂಡು ಬಾ," ಎಂದ.

ಅವಳು ನೀರು ತಂದಳು.

ಅಂಗಡಿಯವರು, ಹುಡುಗನ ಅಣ್ಣ, ದಪ್ಪನೆಯ ನಗುಮುಖದ ಮನುಷ್ಯ. ಲೋಟ ತೆಗೆದುಕೊಳ್ಳುತ್ತ ಶೋಕೇಸಿನ ಕಡೆ ನೋಡಿದರು. ಆಮೇಲೆ ಅತ್ತಿಗೆಯನ್ನು ನೋಡಿದರು.

"ಹೆಂಗ್ ನಡೀತೈತ್ರಿ ಅಕ್ಕಾವ್ರೆ ನಮ್ ರೂಟರು?"

"ಬಾಳ ಚೆನ್ನಾಗೈತ್ರಿ," ಅಣ್ಣ ಉತ್ತರಿಸಿದ.

"ನಿಮ್ಮನ್ನಲ್ಲ ಬೀಗ್ರೆ, ಅಕ್ಕಾವ್ರನ್ನ ಕೇಳಿದ್ದು."

ಅತ್ತಿಗೆ ತಟ್ಟೆ ಹಿಡಿದು ನಿಂತಿದ್ದಳು. "ಲೈಟು ಚೆನ್ನಾಗಿ ಹತ್ತತಾವ್ರಿ," ಎಂದಳು.

ಎಲ್ಲರೂ ನಕ್ಕರು. ಅಂಗಡಿಯವರು ಮಾತ್ರ ಪೂರ್ತಿ ನಗಲಿಲ್ಲ ಎಂದು ನನ್ನ ನೆನಪು.

ಊಟ, ಎಲೆ ಅಡಿಕೆ, ತಿಂಗಳು ಗೊತ್ತು ಮಾಡುವುದು, ಹೊಸದುರ್ಗದ ಛತ್ರವೋ ಹೊಳಲ್ಕೆರೆಯದೋ ಎಂಬ ಚರ್ಚೆ, ಎಲ್ಲ ಮುಗಿದು ಅವರು ಹೋಗುವಾಗ ಬಿಸಿಲು ಇಳಿದಿತ್ತು. ಅತ್ತಿಗೆ ತಂತಿಯನ್ನು ತೆಗೆದು ತನ್ನ ರೂಟರಿಗೆ ಹಾಕಿದಳು. ಕಂಪನಿಯ ಫೋನು ಆಗಲೇ ಬಂತು. ನಾನು ಪಕ್ಕದಲ್ಲಿದ್ದೆ. ಅವಳು ಹೆಚ್ಚು ಮಾತಾಡಲಿಲ್ಲ. "ಇಲ್ಲ ಸರ್" ಎಂದು ಒಮ್ಮೆ, "ಅರ್ಥ ಆಯ್ತು ಸರ್" ಎಂದು ಒಮ್ಮೆ.

"ಏನಂದ್ರು?"

"ಕರೆಂಟ್ ಹೋಗಿತ್ತಾ ಅಂದ್ರು. ಹೋಗಿದ್ರೆ ಇನ್ನೊಂದು ದಿನ ನೋಡ್ತಾರಂತೆ."

"ಹೋಗಿತ್ತು ಅನ್ಬೇಕಿತ್ತು ಅತ್ತಿಗೆ."

"ಇವತ್ತು ಕರೆಂಟ್ ಹೋಗಿತ್ತು ಅಂತೀನಿ. ಮುಂದಿನ ಸಲ ಏನು ಹೋಗಿತ್ತು ಅಂತ ಹೇಳ್ಲಿ?" ಎಂದು ಅವಳು ಎಲೆ ಎತ್ತಲು ಹೋದಳು. ಕಂಪನಿಯ ಕೆಲಸ ಬೇರೆಯವರಿಗೆ ಹೋಯಿತು. ಅವಳು ಮತ್ತೆಲ್ಲೂ ಪ್ರಯತ್ನಿಸಲಿಲ್ಲ. ಯಾರೂ ಅವಳಿಗೆ ಪ್ರಯತ್ನಿಸು ಎಂದೂ ಹೇಳಲಿಲ್ಲ.

ನನ್ನ ಮದುವೆಯಾಗಿ, ಅಂಗಡಿಯಿದ್ದ ಚಿತ್ರದುರ್ಗದಲ್ಲೇ ಮನೆ ಮಾಡಿದೆವು. ಅಂಗಡಿಯವರು ನನಗೆ ಭಾವನಾದರು. ಒಳ್ಳೆಯ ಮನುಷ್ಯ. ಒಂದು ದಿನ ಅಂಗಡಿಯಲ್ಲಿ ಯಾರೋ ಗಿರಾಕಿ ತಪ್ಪು ರೂಟರ್ ಒಯ್ದು ವಾಪಸ್ ತಂದಾಗ, ಭಾವ ತಕರಾರಿಲ್ಲದೆ ಬದಲಾಯಿಸಿ ಕೊಟ್ಟರು. ಊಟದ ಬುತ್ತಿ ಕೊಡಲು ಹೋಗಿದ್ದ ನಾನು ಅದನ್ನು ನೋಡುತ್ತ ನಿಂತೆ. ತಡೆಯಲಾಗದೆ ಹೇಳಿಬಿಟ್ಟೆ. "ನಮ್ಮನೆಗೆ ಕೊಟ್ಟಿದ್ದೂ ಬೇರೆ ಥರದ್ದಾಗಿತ್ತು ಭಾವ. ನಿಮಗೆ ಬೇಜಾರಾಗತ್ತೆ ಅಂತ ಯಾರೂ ಹೇಳ್ಲಿಲ್ಲ."

ಭಾವ ನನ್ನ ಮುಖ ನೋಡಿದರು.

"ಹೇಳ್ಲಿಲ್ಲ ಅಂತ ಯಾರಂದ್ರವ್ವ? ನಿಮ್ಮ ಅತ್ತಿಗೆ ಆಗ್ಲೇ ಫೋನ್ ಮಾಡಿದ್ರಲ್ಲ. ನನ್ನ ಕೆಲಸಕ್ಕೆ ಬೇಕು, ಆಂಟೆನಾದ್ದು ಅಂದ್ರು. ಅಯ್ಯೋ ಕಳಿಸ್ಕೊಡ್ರಿ, ಬದಲಾಯಿಸಿ ಕೊಡ್ತೀನಿ ಅಂದೆ. ಬಸ್ಸಿನಾಗೆ ಕಳಿಸೋಕೂ ತೆಗೆದಿಟ್ಟಿದ್ದೆ. ಸಂಜೆ ನಿಮ್ಮಣ್ಣನೇ ಫೋನ್ ಮಾಡಿ, ಬ್ಯಾಡ ಬಿಡ್ರಿ, ಆಕೆಗೆ ಗೊತ್ತಾಗಲ್ಲ, ಇದೇ ನಡೀತೈತೆ ಅಂದ್ರು. ಅದಕ್ಕೇ ಅವತ್ತು ನಿಮ್ಮನೆಗೆ ಬಂದಾಗ ಅಕ್ಕಾವ್ರನ್ನೇ ಕೇಳಿದ್ದು."

ನಾನು ಬುತ್ತಿಯನ್ನು ಮೇಜಿನ ಮೇಲಿಟ್ಟು ಮನೆಗೆ ಬಂದೆ. ನಡೆದು ಬಂದೆನೋ ಆಟೋ ಹತ್ತಿದೆನೋ ನೆನಪಿಲ್ಲ. ಅವ್ವ ಹೆದರಿದ್ದು ನಿಜ, ಅದು ನನ್ನ ಸಲುವಾಗಿ. ಅಣ್ಣ ಹೆದರಿದ್ದು ಬೀಗರಿಗಲ್ಲ. ಬದಲಾಯಿಸಿ ಕೊಡಲು ಬೀಗರು ಒಪ್ಪಿದ್ದು ಅವನ ಕಿವಿಗೆ ಬಿದ್ದಿತ್ತು. ಅವನು ಅದನ್ನು ನಮ್ಮ ಯಾರಿಗೂ ಹೇಳದೆ, ನನ್ನ ಮದುವೆಯನ್ನು ಮುಂದಿಟ್ಟುಕೊಂಡು ಸುಮ್ಮನಿದ್ದ.

ಮುಂದಿನ ಸಲ ಹಿರಿಯೂರಿಗೆ ಹೋದಾಗ ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅಣ್ಣ ಮನೆಯಲ್ಲಿರಲಿಲ್ಲ. ಭಾವ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವಳಿಗೆ ಹೇಳಿದೆ. ಅಣ್ಣ ಹಾಗೆ ಫೋನ್ ಮಾಡಿದ್ದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

ಅವಳು ಹಿಂಡಿದ ಟವೆಲನ್ನು ಒದರಿ ಹಗ್ಗದ ಮೇಲೆ ಹಾಕಿದಳು.

"ಅವ್ರು ಫೋನ್ ಮಾಡಾಗ ನಾನು ಪಕ್ಕದಾಗೇ ನಿಂತಿದ್ನಲ್ಲ," ಎಂದಳು.